ಕಾಣದ್ದನ್ನು ಕತ್ತರಿಸುವ ಕಲೆ

2019ರ ಏಪ್ರಿಲ್ 15ರ ಸಂಜೆ ಪ್ಯಾರಿಸ್ಸಿನ ನೋಟ್ರ ಡಾಮ್ ಚರ್ಚಿಗೆ ಬೆಂಕಿ ಹತ್ತಿಕೊಂಡಿತು. ಮಧ್ಯಯುಗದ ಓಕ್ ತೊಲೆಗಳ ಚಾವಣಿ ಸುಟ್ಟುಹೋಯಿತು. ಅದರ ಮೇಲಿದ್ದ ಸೂಜಿಮೊನೆಯ ಗೋಪುರ ಉರಿಯುತ್ತಲೇ ಮುರಿದು ಬಿದ್ದುದನ್ನು ಜಗತ್ತೆಲ್ಲ ಟಿವಿಯಲ್ಲಿ ನೋಡಿತು. ಅದರ ಬೆನ್ನಿಗೇ ಒಂದು ಸುದ್ದಿ ಹಬ್ಬಿತು. ಐದು ವರ್ಷಗಳ ಹಿಂದೆ ಬಂದಿದ್ದ 'ಅಸಾಸಿನ್ಸ್ ಕ್ರೀಡ್ ಯೂನಿಟಿ' ಎಂಬ ವಿಡಿಯೊ ಗೇಮ್‌ನಲ್ಲಿ ಇದೇ ಚರ್ಚು ಇದೆಯಂತೆ. ಯೂಬಿಸಾಫ್ಟ್ ಕಂಪನಿಯ ಕಲಾವಿದೆ ಕ್ಯಾರೊಲಿನ್ ಮಿಯೂಸ್ ಹೆಚ್ಚುಕಡಿಮೆ ಎರಡು ವರ್ಷ ಕೂತು ಅದನ್ನು ಕಂಪ್ಯೂಟರಿನಲ್ಲಿ ರೂಪಿಸಿದ್ದಾರಂತೆ. ಮತ್ತೇನು, ಆ ಫೈಲನ್ನು ತೆರೆದಿಟ್ಟುಕೊಂಡು ಚರ್ಚನ್ನು ಮೊದಲಿದ್ದಂತೆಯೇ ಕಟ್ಟಿಬಿಡಬಹುದು!

ಹಂಚಿಕೊಳ್ಳಲು ಹೇಳಿ ಮಾಡಿಸಿದಂಥ ಸುದ್ದಿ. ಯೂಬಿಸಾಫ್ಟ್ ಐದು ಲಕ್ಷ ಯೂರೊ ದೇಣಿಗೆ ಘೋಷಿಸಿತು, ಒಂದು ವಾರ ಗೇಮನ್ನು ಪುಕ್ಕಟೆಯಾಗಿ ಹಂಚಿತು. ಆದರೆ ಕಟ್ಟುವವರಿಗೆ ಬೇಕಾಗಿದ್ದ ಅಳತೆಗಳು ಆ ಗೇಮಿನಲ್ಲಿ ಇರಲಿಲ್ಲ. ಅವು ಇದ್ದದ್ದು ಅಮೆರಿಕದ ವಾಸರ್ ಕಾಲೇಜಿನ ಕಲಾ ಇತಿಹಾಸಕಾರ ಆಂಡ್ರ್ಯೂ ಟ್ಯಾಲನ್ 2010ರಲ್ಲಿ ಲೇಸರ್ ಕಿರಣ ಹಾಯಿಸಿ ದಾಖಲಿಸಿದ್ದ 100 ಕೋಟಿಗೂ ಹೆಚ್ಚು ಬಿಂದುಗಳಲ್ಲಿ. ಒಂದೊಂದು ಬಿಂದುವೂ ಕೆಲವೇ ಮಿಲಿಮೀಟರುಗಳಷ್ಟು ನಿಖರ. ಟ್ಯಾಲನ್ ಮಾತ್ರ ಬೆಂಕಿಗೆ ಕೆಲವು ತಿಂಗಳ ಮೊದಲೇ, 2018ರಲ್ಲಿ, ತೀರಿಕೊಂಡಿದ್ದರು.

ಪರದೆಯ ಮೇಲೆ ಇಟ್ಟರೆ ಎರಡೂ ನೋಟ್ರ ಡಾಮೇ. ಹಾಗೆ ನೋಡಿದರೆ ಗೇಮಿನ ಚರ್ಚೇ ಹೆಚ್ಚು ಚೆಂದ. ಟ್ಯಾಲನ್ ಅವರ ಬಿಂದುಗಳ ರಾಶಿ ಮಂಜಿನೊಳಗಿನ ಕಟ್ಟಡದಂತೆ ಕಾಣುತ್ತದೆ. ಆದರೂ ಕಟ್ಟಲು ಒದಗುವುದು ಮಂಜೇ, ಚೆಂದದ್ದಲ್ಲ. ಗೇಮಿನ ಕಥೆ ನಡೆಯುವುದು 1789ರ ಕ್ರಾಂತಿಯ ಕಾಲದಲ್ಲಿ. ಬೆಂಕಿಯಲ್ಲಿ ಬಿದ್ದ ಆ ಗೋಪುರ ಆಗ ಇರಲೇ ಇಲ್ಲ, ವಿಯೊಲೆ-ಲ-ದ್ಯುಕ್ ಎಂಬ ವಾಸ್ತುಶಿಲ್ಪಿ ಅದನ್ನು ನಿಲ್ಲಿಸಿದ್ದು 19ನೇ ಶತಮಾನದಲ್ಲಿ. ಅದಿಲ್ಲದಿದ್ದರೆ ಆಟಗಾರರಿಗೆ ಚರ್ಚಿನ ಗುರುತೇ ಹತ್ತುವುದಿಲ್ಲ ಎಂದು ಗೇಮಿನವರು ಗೊತ್ತಿದ್ದೂ ಸೇರಿಸಿದರು. ಆಟಗಾರ ಗೋಡೆ ಹತ್ತಲು, ಜಿಗಿಯಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಿದರು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಗೇಮುಗಳಲ್ಲಿ ಗೋಡೆಗೆ ದಪ್ಪ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಹೊರಗಿನ ಮೈ ಒಂದು ಪೊರೆ, ಒಳಗಿನ ಮೈ ಇನ್ನೊಂದು ಪೊರೆ, ನಡುವೆ ಕಲ್ಲೂ ಇಲ್ಲ, ಗಾರೆಯೂ ಇಲ್ಲ, ಶೂನ್ಯ. ಆಟಗಾರ ಕಾಲಿಡದ ಕಡೆ ಒಳಗಿನ ಪೊರೆಯೂ ಇರಬೇಕಾಗಿಲ್ಲ.

ಇದನ್ನು ಮೋಸ ಎಂದು ಕರೆಯುವವರಿಗೆ ಈ ಕಸುಬಿನ ಪರಿಚಯವಿಲ್ಲ. ಯಾರೂ ನೋಡದ್ದನ್ನು ಪತ್ತೆಹಚ್ಚಿ ಕತ್ತರಿಸಿ ಹಾಕುವುದೇ ಇಲ್ಲಿನ ಅರ್ಧ ವಿದ್ಯೆ. ಉಳಿದ ಅರ್ಧ, ಯಾವಾಗ ಕತ್ತರಿಸಬೇಕು ಎಂಬುದು.

ಯಾಕೆ ಕತ್ತರಿಸಬೇಕು ಎನ್ನುವುದನ್ನು ಮೊದಲು ನೋಡೋಣ. ಗ್ರಾಫಿಕ್ಸ್ ಚಿಪ್‌ಗೆ ಚರ್ಚು, ಮರ, ಮುಖ ಯಾವುದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತ್ರಿಕೋನ. ಮೂರು ಬಿಂದುಗಳನ್ನು ಎಲ್ಲಿಟ್ಟರೂ ಅವು ಒಂದೇ ಸಮತಲದಲ್ಲಿ ಕೂರುತ್ತವೆ. ನಾಲ್ಕನೆಯದು ಸೇರಿದರೆ ಆ ಖಾತರಿ ಇಲ್ಲ. ಹಾಗಾಗಿ ಎಲ್ಲ ಆಕಾರವನ್ನೂ ತ್ರಿಕೋನಗಳ ಬಲೆಯಾಗಿ ಹೆಣೆದು ಕೊಡಬೇಕು. ಸೆಕೆಂಡಿಗೆ 60 ಚಿತ್ರ ತೋರಿಸಬೇಕಾದ ಗೇಮಿನಲ್ಲಿ ಒಂದು ಚಿತ್ರಕ್ಕೆ ಸಿಗುವ ಕಾಲ 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಎಲ್ಲ ಬಿಂದುಗಳನ್ನೂ ಕ್ಯಾಮೆರಾದ ದಿಕ್ಕಿಗೆ ತಿರುಗಿಸಿ ಲೆಕ್ಕ ಹಾಕಬೇಕು, ಬೆಳಕು ನೆರಳು ಬಳಿಯಬೇಕು, ವೈರಿಯ ಬುದ್ಧಿಯನ್ನೂ ಬಿದ್ದ ಕಲ್ಲಿನ ಉರುಳಾಟವನ್ನೂ ನಿಭಾಯಿಸಬೇಕು. ಸಿನಿಮಾದವರು ಒಂದು ಚಿತ್ರಕ್ಕೆ ಗಂಟೆಗಟ್ಟಲೆ ಕಾಯಬಲ್ಲರು, ಗೇಮಿನವರಿಗೆ ಆ ಭಾಗ್ಯವಿಲ್ಲ.

ಈ ಕತ್ತರಿಸುವಿಕೆಯ ಅತಿ ಹಳೆಯ, ಅತಿ ಮುದ್ದಾದ ಉದಾಹರಣೆ ಒಂದು ಟೀ ಪಾಟ್. 1975ರಲ್ಲಿ ಯೂಟಾ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂಯೆಲ್‌ಗೆ ಪ್ರಯೋಗಕ್ಕೊಂದು ಸರಳ ವಸ್ತು ಬೇಕಿತ್ತು. ಮನೆಯಲ್ಲಿದ್ದ ಟೀ ಪಾಟ್ ಆಗಬಹುದಲ್ಲ ಎಂದು ಹೆಂಡತಿ ಸೂಚಿಸಿದರು. ನ್ಯೂಯೆಲ್ ಅದನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಂಡು ವಕ್ರರೇಖೆಗಳ 28 ತೇಪೆಗಳಾಗಿ ಕಂಪ್ಯೂಟರಿಗೆ ತುಂಬಿಸಿದರು. ಮೈ, ಮುಚ್ಚಳ, ಹಿಡಿ, ಮೂತಿ ಎಲ್ಲ ಬಂತು. ತಳ ಬರಲಿಲ್ಲ. ಮೇಜಿನ ಮೇಲೆ ಕೂತ ಟೀ ಪಾಟಿನ ತಳ ಯಾರಿಗೆ ಕಾಣುತ್ತದೆ? ಆಮೇಲೆ ಆ ಪಾಟ್ ಎಷ್ಟು ಜನಪ್ರಿಯವಾಯಿತೆಂದರೆ ಜಗತ್ತಿನ ಗ್ರಾಫಿಕ್ಸ್ ಪ್ರಯೋಗಾಲಯಗಳೆಲ್ಲ ಅದನ್ನೇ ಎರವಲು ಪಡೆದವು. ಎರವಲು ಪಡೆದವರು ಅದನ್ನು ಬಗ್ಗಿಸಿದರು, ಉರುಳಿಸಿದರು. ಆಗ ತಳ ಬೇಕಾಯಿತು. ಇನ್ನೂ ನಾಲ್ಕು ತೇಪೆ ಹಾಕಿ 32 ಮಾಡಿದರು. ಬೇರೊಬ್ಬರ ಕೈಗೆ ಹೋಗುವ ತನಕ ಆ ಪಾಟಿಗೆ ತಳವಿಲ್ಲದಿದ್ದುದು ಒಂದು ಕೊರತೆಯೇ ಆಗಿರಲಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೇ ಪಾಟಿನಲ್ಲಿದೆ. ನ್ಯೂಯೆಲ್ ಬರೆದಿಟ್ಟದ್ದು ವಕ್ರರೇಖೆಗಳ ಸೂತ್ರವನ್ನು. ಅದನ್ನು ನೂರು ತ್ರಿಕೋನಗಳಾಗಿ ಒಡೆಯಬಹುದು, ಲಕ್ಷ ತ್ರಿಕೋನಗಳಾಗಿಯೂ ಒಡೆಯಬಹುದು. ಆದರೆ ನೂರು ತ್ರಿಕೋನಗಳ ಪಾಟ್ ಮಾತ್ರ ಕೈಗೆ ಸಿಕ್ಕಿದರೆ ಅದರಿಂದ ಹಿಂದಕ್ಕೆ ನಡೆದು ಸೂತ್ರವನ್ನು ತಲುಪಲಾಗದು. ಈ ದಾರಿ ಒಮ್ಮುಖ. ಗೇಮಿನ ವೇಗ ಮತ್ತು ಮಾದರಿಯ ಮರುಬಳಕೆ, ಇವೆರಡರ ನಡುವಿನ ಜಗಳವೆಲ್ಲ ಹುಟ್ಟುವುದು ಇಲ್ಲೇ.

ಒಮ್ಮುಖ ದಾರಿಯಲ್ಲಿ ಎಷ್ಟು ದೂರ ಹೋಗಬಹುದು ಎಂಬುದನ್ನು ತೋರಿಸಿದ್ದು 1996ರಲ್ಲಿ ಪ್ಲೇಸ್ಟೇಷನ್‌ಗೆ ಬಂದ 'ಕ್ರ್ಯಾಶ್ ಬ್ಯಾಂಡಿಕೂಟ್'. ಆ ಯಂತ್ರದ ಮುಖ್ಯ ಮೆಮೊರಿ 2 ಮೆಗಾಬೈಟ್. ಯಾವ ತ್ರಿಕೋನ ಮುಂದಿದೆ, ಯಾವುದು ಹಿಂದಿದೆ ಎಂದು ಪಿಕ್ಸೆಲ್ ಪಿಕ್ಸೆಲ್ಲಿಗೂ ತಾನೇ ನೋಡಿಕೊಳ್ಳುವ ಸೌಕರ್ಯ ಅದರ ಚಿಪ್‌ನಲ್ಲಿ ಇರಲಿಲ್ಲ, ಹಿಂದಿನದನ್ನು ಮೊದಲು, ಮುಂದಿನದನ್ನು ಆಮೇಲೆ ಬರೆಯುವಂತೆ ಸಾಲಾಗಿ ಜೋಡಿಸಿ ಕೊಡಬೇಕಿತ್ತು. ನಾಟಿ ಡಾಗ್ ಸಂಸ್ಥೆಯ ಆಂಡಿ ಗ್ಯಾವಿನ್ ಮತ್ತು ಜೊತೆಗಾರರು ಒಂದು ಉಪಾಯ ಹೂಡಿದರು. ಕಾಡಿನೊಳಗೆ ಓಡುವ ನಾಯಕ ಕ್ರ್ಯಾಶ್‌ನನ್ನು ಕ್ಯಾಮೆರಾ ಹಳಿಯ ಮೇಲಿನ ರೈಲಿನಂತೆ ಗೊತ್ತಾದ ದಾರಿಯಲ್ಲೇ ಹಿಂಬಾಲಿಸುತ್ತದೆ. ಹಾಗಿದ್ದ ಮೇಲೆ ಆ ದಾರಿಯ ಯಾವ ಜಾಗದಿಂದ ಯಾವ ಯಾವ ತ್ರಿಕೋನ ಕಾಣುತ್ತದೆ, ಯಾವ ಕ್ರಮದಲ್ಲಿ ಬರೆಯಬೇಕು ಎನ್ನುವುದನ್ನು ದೊಡ್ಡ ಕಂಪ್ಯೂಟರುಗಳಲ್ಲಿ ಮೊದಲೇ ಲೆಕ್ಕ ಹಾಕಿ ಡಿಸ್ಕಿನಲ್ಲಿ ತುಂಬಿಟ್ಟರೆ ಆಯಿತಲ್ಲ? ಉಳಿದ ಸಮಯವನ್ನೆಲ್ಲ ಕಾಡಿನ ಸೊಗಸಿಗೆ ಸುರಿಯಬಹುದು. ನಾಯಕನ ಮೈಗೆ 512 ತ್ರಿಕೋನ ಸಿಕ್ಕಿತು. ಬಹುಪಾಲು ಮೈಗೆ ಚಿತ್ರ ಅಂಟಿಸಲೇ ಇಲ್ಲ, ಬಿಂದುಗಳಿಗೆ ಬಣ್ಣ ಕೊಟ್ಟು ಬಿಟ್ಟರು.

ಆ ಕಾಲಕ್ಕೆ ಅದರಷ್ಟು ತುಂಬಿದ ಕಾಡು ಬೇರೆಲ್ಲೂ ಕಾಣುತ್ತಿರಲಿಲ್ಲ ಎಂದರೆ ಅತಿಶಯೋಕ್ತಿಯಲ್ಲ. ಆದರೆ ಕ್ಯಾಮೆರಾ ಆ ಹಳಿ ಬಿಟ್ಟು ಆಚೆ ಹೋದರೆ ಮೊದಲೇ ಹಾಕಿಟ್ಟ ಲೆಕ್ಕವೆಲ್ಲ ನೀರುಪಾಲು. ಮರಗಳಿಗೆ ಬೆನ್ನಿಲ್ಲ, ಬಂಡೆಗಳಿಗೆ ಮಗ್ಗುಲಿಲ್ಲ. ಅದು ಒಂದೇ ಒಂದು ನೋಟಕ್ಕಾಗಿ ಹುಟ್ಟಿದ ಕಾಡು.

ಹಳಿ ಇಲ್ಲದ ಗೇಮುಗಳಲ್ಲಿ ಏನು ಮಾಡುವುದು? ಇದಕ್ಕೆ ಉತ್ತರ ಮೂರು ಆಯಾಮದ ಗೇಮುಗಳು ಮನೆಗಳಿಗೆ ಬರುವ ಮೊದಲೇ ಸಿದ್ಧವಿತ್ತು. 1976ರಲ್ಲಿ ಜೇಮ್ಸ್ ಕ್ಲಾರ್ಕ್ ಒಂದು ಪ್ರಬಂಧ ಬರೆದರು (ಇವರೇ ಮುಂದೆ ಸಿಲಿಕಾನ್ ಗ್ರಾಫಿಕ್ಸ್ ಮತ್ತು ನೆಟ್‌ಸ್ಕೇಪ್ ಕಂಪನಿಗಳನ್ನು ಹುಟ್ಟುಹಾಕಿದವರು). ದೂರದಲ್ಲಿರುವ ವಸ್ತು ಪರದೆಯ ಮೇಲೆ ಕೆಲವೇ ಪಿಕ್ಸೆಲ್ ಆಗಿ ಕಾಣುವಾಗ ಅದಕ್ಕೆ ನೂರಾರು ತ್ರಿಕೋನ ಯಾಕೆ ಎಂದು ಅದರಲ್ಲಿ ಕೇಳಿದರು. ಒಂದೇ ವಸ್ತುವಿನ ದಪ್ಪ, ಮಧ್ಯಮ, ತೆಳು ಆವೃತ್ತಿಗಳನ್ನು ಇಟ್ಟುಕೊಂಡು ದೂರಕ್ಕೆ ತಕ್ಕಂತೆ ಬದಲಾಯಿಸುತ್ತ ಹೋಗಿ ಎಂಬುದು ಅವರ ಸಲಹೆ. ಗೇಮಿನವರು ಇಂದಿಗೂ ಎಲ್‌ಓಡಿ ಎಂದು ಕರೆಯುವುದು ಇದನ್ನೇ.

ಆದರೆ ತೆಳು ಆವೃತ್ತಿಯನ್ನು ಮಾಡುವವರಾರು? ಕೈಯಲ್ಲಿ ಮಾಡಿದರೆ ಒಂದು ಕುರ್ಚಿಗೆ ನಾಲ್ಕು ಸಲ ದುಡಿಯಬೇಕು. 1997ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮೈಕೆಲ್ ಗಾರ್ಲಂಡ್ ಮತ್ತು ಪಾಲ್ ಹೆಕ್ಬರ್ಟ್ ಅದಕ್ಕೊಂದು ಸೊಗಸಾದ ಲೆಕ್ಕ ಕೊಟ್ಟರು. ಬಲೆಯ ಒಂದು ಅಂಚನ್ನು ಹಿಡಿದು ಅದರ ಎರಡು ತುದಿಗಳನ್ನು ಒಂದೇ ಬಿಂದುವಾಗಿ ಕೂಡಿಸಿದರೆ ಸಾಮಾನ್ಯವಾಗಿ ಎರಡು ತ್ರಿಕೋನ ಮಾಯವಾಗುತ್ತವೆ. ಹೊಸ ಬಿಂದು, ಮೊದಲಿದ್ದ ತ್ರಿಕೋನಗಳ ಸಮತಲಗಳಿಂದ ಎಷ್ಟು ದೂರ ಸರಿಯಿತು? ಆ ದೂರಗಳ ವರ್ಗಗಳನ್ನು ಕೂಡಿದರೆ ಸಿಗುವುದೇ ಆ ಅಂಚನ್ನು ಅಳಿಸುವುದರ ಬೆಲೆ. ಅತಿ ಅಗ್ಗದ ಅಂಚನ್ನು ಮೊದಲು ಅಳಿಸು, ಬೆಲೆಗಳನ್ನು ಮತ್ತೆ ಲೆಕ್ಕ ಹಾಕು, ಮುಂದಿನ ಅಗ್ಗದ್ದನ್ನು ಅಳಿಸು. ಚಪ್ಪಟೆ ಗೋಡೆಯ ಮೇಲಿನ ಅಂಚುಗಳಿಗೆ ಬೆಲೆ ಹೆಚ್ಚುಕಡಿಮೆ ಸೊನ್ನೆ, ಅವು ಮೊದಲು ಹೋಗುತ್ತವೆ. ಮೂಗಿನ ತುದಿಯ ಬೆಲೆ ಜಾಸ್ತಿ, ಅದು ಕೊನೆಯವರೆಗೂ ಉಳಿಯುತ್ತದೆ. ಹತ್ತು ಲಕ್ಷ ತ್ರಿಕೋನಗಳ ಬಲೆಯನ್ನು ಹತ್ತು ಸಾವಿರಕ್ಕೆ ಇಳಿಸಿದರೂ ದೂರದಿಂದ ನೋಡಿದವರಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ.

ಈ ಲೆಕ್ಕಕ್ಕೆ ತಿಳಿಯದ್ದು ಒಂದಿದೆ: ನಾಳೆ ಈ ಮುಖ ನಗಲಿದೆ ಎಂಬುದು. ಅನುಭವಿ ಕಲಾವಿದರು ಮುಖ ಮಾಡುವಾಗ ಬಾಯಿಯ ಸುತ್ತ, ಕಣ್ಣಿನ ಸುತ್ತ, ಮೊಣಕೈ ಮಡಚುವ ಕಡೆ ಅಂಚುಗಳನ್ನು ಬಳೆಬಳೆಯಾಗಿ ಸುತ್ತಿಸುತ್ತಾರೆ. ಸ್ನಾಯು ಎಳೆದ ದಿಕ್ಕಿಗೆ ಬಲೆಯೂ ಹಿಗ್ಗಲಿ ಎಂದು. ಸುಮ್ಮನಿರುವ ಮುಖದಲ್ಲಿ ಆ ಬಳೆಗಳು ಆಕಾರಕ್ಕೆ ಏನನ್ನೂ ಸೇರಿಸುವುದಿಲ್ಲ, ಅದಕ್ಕೇ ಲೆಕ್ಕದ ಕಣ್ಣಿಗೆ ಅಗ್ಗವಾಗಿ ಕಂಡು ಮೊದಲೇ ಅಳಿಯುತ್ತವೆ. ಉಳಿದ ಮುಖ ಫೋಟೋದಲ್ಲಿ ಚೆನ್ನ, ತುಟಿ ಬಿಚ್ಚಿದ ಕೂಡಲೇ ಕೆನ್ನೆ ಸುಕ್ಕಾಗಿ ಹರಿದಂತಾಗುತ್ತದೆ. ಹಾಗಾಗಿಯೇ ಮುಖ್ಯ ಪಾತ್ರಗಳ ಬಲೆಯನ್ನು ಬಹಳ ಕಡೆ ಇಂದಿಗೂ ಮನುಷ್ಯರು ಕೂತು ಹೊಸದಾಗಿ ಹೆಣೆಯುತ್ತಾರೆ. ಈ ಕೆಲಸವನ್ನು ಇಷ್ಟಪಟ್ಟು ಮಾಡುವವರು ಇದ್ದಾರೆಂದು ನಂಬುವುದು ನನಗೆ ಕಷ್ಟ.

ತ್ರಿಕೋನ ಕಡಿಮೆ ಮಾಡಿಯೂ ವಿವರ ಉಳಿಸಿಕೊಳ್ಳುವ ಉಪಾಯ ನಾರ್ಮಲ್ ಮ್ಯಾಪ್. ಮೊದಲು ಲಕ್ಷಾಂತರ ತ್ರಿಕೋನಗಳ ವಿವರವಾದ ಶಿಲ್ಪವನ್ನು ಕೆತ್ತುತ್ತಾರೆ. ಅದರ ಮೈಯ ಪ್ರತಿ ಜಾಗವೂ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಕೆಂಪು, ಹಸಿರು, ನೀಲಿ ಬಣ್ಣಗಳ ಸಂಕೇತದಲ್ಲಿ ಒಂದು ಚಿತ್ರವಾಗಿ ಇಳಿಸಿಕೊಂಡು ತೆಳು ಬಲೆಯ ಮೇಲೆ ಹೊದಿಸುತ್ತಾರೆ. ಬೆಳಕು ಬಿದ್ದಾಗ ಚಿಪ್ ಆ ದಿಕ್ಕುಗಳನ್ನು ನೋಡಿ ನೆರಳು ಬಳಿಯುತ್ತದೆ, ಚಪ್ಪಟೆ ಮೈಯಲ್ಲಿ ಬಿರುಕು, ಗುಳಿ, ಹೊಲಿಗೆ ಎಲ್ಲ ಕಾಣಿಸುತ್ತವೆ. 2004ರ 'ಡೂಮ್ 3' ಇದನ್ನು ಎಲ್ಲರ ಮನೆಗೆ ತಂದಿತು. ಆದರೆ ಆ ಚಿತ್ರ ಆ ಬಲೆಗೆ ಮಾತ್ರ ಸರಿ. ಬಲೆಯನ್ನು ಸ್ವಲ್ಪ ಬದಲಿಸಿದರೂ ಮತ್ತೆ ಇಳಿಸಿಕೊಳ್ಳಬೇಕು. ಮೂಲ ಶಿಲ್ಪ ಕಳೆದುಹೋಗಿದ್ದರೆ ಅಲ್ಲಿಗೆ ಮುಗಿಯಿತು. ಒಳ್ಳೆಯ ದರ್ಜಿ ರವಿಕೆಯ ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಮಡಚಿಟ್ಟಿರುತ್ತಾನಲ್ಲ, ಅಂಥದ್ದೇನೂ ನುಣ್ಣಗೆ ಕತ್ತರಿಸಿದ ಗೇಮ್ ಮಾದರಿಯಲ್ಲಿ ಉಳಿದಿರುವುದಿಲ್ಲ.

ತ್ರಿಕೋನಗಳ ಸಂಖ್ಯೆಯೊಂದೇ ಶತ್ರುವೂ ಅಲ್ಲ. 'ಈ ಕುರ್ಚಿ ಬರಿ', 'ಈ ಬಾಗಿಲು ಬರಿ' ಎಂದು ಪ್ರೊಸೆಸರ್ ಗ್ರಾಫಿಕ್ಸ್ ಚಿಪ್‌ಗೆ ಕೊಡುವ ಒಂದೊಂದು ಅಪ್ಪಣೆಗೂ ಸಮಯ ತಗಲುತ್ತದೆ. ಒಂದು ಬೀದಿಯ ಮುನ್ನೂರು ಸಾಮಾನುಗಳಿಗೆ ಮುನ್ನೂರು ಅಪ್ಪಣೆ. ಎಲ್ಲವನ್ನೂ ಬೆಸೆದು ಒಂದೇ ಬಲೆ ಮಾಡಿ, ಎಲ್ಲದರ ಬಣ್ಣವನ್ನೂ ಒಂದೇ ಚಿತ್ರದಲ್ಲಿ ತುರುಕಿದರೆ ಒಂದು ಅಪ್ಪಣೆ ಸಾಕು. ಅಲ್ಲಿಗೆ ಬೀದಿ ವೇಗವಾಯಿತು, ಬಾಗಿಲು ತೆರೆಯದಾಯಿತು. ಬೀದಿಯ ಒಂದು ಮೂಲೆ ಇಣುಕಿದರೂ ಇಡೀ ಬೀದಿಯನ್ನು ಲೆಕ್ಕ ಹಾಕಬೇಕಾಗಿ ಬರುವುದು ಇನ್ನೊಂದು ತೊಂದರೆ.

ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನಿಂದ ಬಂದವರು ಬೆಥೆಸ್ಡಾ ಕಂಪನಿಯವರು. 2011ರ ಅವರ 'ಸ್ಕೈರಿಮ್' ಗೇಮಿನ ನೂರಾರು ಗುಹೆ, ಗವಿ, ಪಾಳುಕೋಟೆಗಳ ಬಿಡಿಭಾಗಗಳನ್ನು ಮಾಡಿದವರು ಇಬ್ಬರು ಕಲಾವಿದರು, ಜೋಡಿಸಿದವರು ಎಂಟು ಜನ ವಿನ್ಯಾಸಕರು. ಗೋಡೆ, ಮೂಲೆ, ಕಮಾನು, ಮೆಟ್ಟಿಲು ಎಲ್ಲವೂ ಗೊತ್ತಾದ ಅಳತೆಯ ಚೌಕಕ್ಕೆ ಕೂರುವಂತೆ ಮಾಡಿದ್ದರಿಂದ ಯಾವುದಕ್ಕೆ ಯಾವುದನ್ನಾದರೂ ಸೇರಿಸಬಹುದಿತ್ತು. ಒಂದೇ ತುಂಡನ್ನು ನೂರು ಕಡೆ ಬಳಸಿದರೂ ಮೆಮೊರಿಯಲ್ಲಿ ಅದರದು ಒಂದೇ ಪ್ರತಿ. ಹೀಗೆ ಮರುಬಳಕೆಯೇ ವೇಗವೂ ಆಗುವ ಸಂದರ್ಭಗಳಿವೆ, ಎರಡೂ ಸದಾ ಹಾವು ಮುಂಗುಸಿ ಎಂದು ತಿಳಿಯಬೇಕಾಗಿಲ್ಲ. ತೆರಬೇಕಾದ ಬೆಲೆ ಬೇರೆ ರೂಪದಲ್ಲಿ ಬರುತ್ತದೆ: ಅದೇ ಬಿರುಕಿನ ಅದೇ ಕಂಬ ಹತ್ತನೇ ಗುಹೆಯಲ್ಲೂ ಎದುರಾದಾಗ ಆಟಗಾರನಿಗೆ ಬೇಸರ ಬರುತ್ತದೆ. ಈ ಬೇಸರದ ಬಗ್ಗೆ ಅವರೇ 2013ರ ಗೇಮ್ ತಯಾರಕರ ಸಮ್ಮೇಳನದಲ್ಲಿ ಬಿಚ್ಚುಮನಸ್ಸಿನಿಂದ ಮಾತಾಡಿದ್ದಾರೆ. ಬೆಥೆಸ್ಡಾದವರ ಮರುಬಳಕೆಯ ಚಟ ಎಷ್ಟರದೆಂದರೆ, 'ಫಾಲೌಟ್ 3'ರ ಒಂದು ವಿಸ್ತರಣೆಯಲ್ಲಿ ಮೆಟ್ರೊ ರೈಲು ಬೇಕಾದಾಗ ರೈಲು ಓಡಿಸುವ ಏರ್ಪಾಡನ್ನೇ ಮಾಡಲಿಲ್ಲ. ಪಾತ್ರದ ಮೈಗೆ ರಕ್ಷಾಕವಚ ತೊಡಿಸುವ ಏರ್ಪಾಡು ಇತ್ತಲ್ಲ, ರೈಲನ್ನೇ ಕವಚದಂತೆ ತೊಡಿಸಿ ಓಡಿಸಿದರು. ಒಳಗೆ ಕೂತ ಆಟಗಾರನಿಗೆ ಗೊತ್ತಾಗಲಿಲ್ಲ.

ಕತ್ತರಿಸದೆ ಬಿಟ್ಟರೆ ಏನಾಗುತ್ತದೆ? ಫಿನ್ಲೆಂಡಿನ ಕೊಲಾಸಲ್ ಆರ್ಡರ್ ಸಂಸ್ಥೆಯ 'ಸಿಟೀಸ್: ಸ್ಕೈಲೈನ್ಸ್ 2' ಅದನ್ನು 2023ರ ಅಕ್ಟೋಬರಿನಲ್ಲಿ ತೋರಿಸಿಕೊಟ್ಟಿತು. ಆಕಾಶದಿಂದ ನೋಡುತ್ತ ನಗರ ಕಟ್ಟುವ ಗೇಮ್ ಅದು. ದುಬಾರಿ ಗ್ರಾಫಿಕ್ಸ್ ಕಾರ್ಡುಗಳೂ ಏದುಸಿರು ಬಿಡತೊಡಗಿದಾಗ ಕುತೂಹಲಿಗಳು ಒಳಹೊಕ್ಕು ನೋಡಿದರು. ಇರುವೆಯಷ್ಟು ಕಾಣುವ ನಾಗರಿಕರ ಬಾಯೊಳಗೆ ಒಂದೊಂದೇ ಹಲ್ಲು ಕೆತ್ತಲಾಗಿತ್ತು! ಹತ್ತಿರದಿಂದ ಮಾತಾಡಿಸಲು ಯೋಗ್ಯವಾದ, ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಮುಖಗಳು ಹಾಗೆಹಾಗೇ ನಗರಕ್ಕೆ ಇಳಿದಿದ್ದವು. ಜನರ ಮಾದರಿಗಳಿಗೆ ತೆಳು ಆವೃತ್ತಿಗಳು ಇನ್ನೂ ಸೇರಿಲ್ಲ ಎಂದು ತಯಾರಕರು ಒಪ್ಪಿಕೊಂಡರು. ಹಲ್ಲು ಕೆತ್ತಿದವನ ತಪ್ಪು ಇದರಲ್ಲಿ ಏನೂ ಇಲ್ಲ. ಮುಖಕ್ಕೆ ಹಲ್ಲು ಬೇಕು. ನಗರಕ್ಕೆ ಬೇಕಿರಲಿಲ್ಲ, ಅಷ್ಟೆ.

ನನ್ನ ಮಟ್ಟಿಗೆ ಈ ಕಸುಬಿನ ಐವತ್ತು ವರ್ಷಗಳ ಚರಿತ್ರೆ ಎಂದರೆ, ಕತ್ತರಿ ಹಾಕುವ ಗಳಿಗೆಯನ್ನು ಮುಂದಕ್ಕೆ ತಳ್ಳುತ್ತ ಬಂದ ಚರಿತ್ರೆ. ನ್ಯೂಯೆಲ್ ಹಾಳೆಯ ಮೇಲೆ ಬರೆಯುವಾಗಲೇ ತಳವನ್ನು ಬಿಟ್ಟರು. ಕ್ರ್ಯಾಶ್‌ನ ಕಾಡನ್ನು ಡಿಸ್ಕಿಗೆ ತುಂಬುವ ಮುನ್ನ ಕತ್ತರಿಸಿದರು. ಎಲ್‌ಓಡಿ ಬಳಸುವವರು ನಾಲ್ಕಾರು ಬಗೆಯಲ್ಲಿ ಕತ್ತರಿಸಿಟ್ಟು, ಯಾವುದನ್ನು ತೋರಿಸುವುದು ಎಂಬ ತೀರ್ಮಾನವನ್ನು ಆಟದ ಹೊತ್ತಿಗೆ ಬಿಟ್ಟರು. 2020ರ ಮೇ ತಿಂಗಳಲ್ಲಿ ಎಪಿಕ್ ಕಂಪನಿ ಅನ್‌ರಿಯಲ್ ಎಂಜಿನ್ 5ರ 'ನ್ಯಾನೈಟ್' ತೋರಿಸಿದಾಗ ಕತ್ತರಿ ಕೊನೆಯ ಗಳಿಗೆಗೆ ಬಂದು ನಿಂತಿತು. 3.3 ಕೋಟಿ ತ್ರಿಕೋನಗಳ ಒಂದು ಪ್ರತಿಮೆ, ಅಂಥವು ಸುಮಾರು 500 ಒಂದೇ ಕೋಣೆಯಲ್ಲಿ, ಒಟ್ಟು 1,600 ಕೋಟಿ ತ್ರಿಕೋನ. ಪ್ಲೇಸ್ಟೇಷನ್ 5 ಅದನ್ನು ಸಲೀಸಾಗಿ ತೋರಿಸಿತು.

ನ್ಯಾನೈಟ್ ಇಡೀ ವಸ್ತುವನ್ನು ತೆಳುಮಾಡುವುದಿಲ್ಲ. ಬಲೆಯನ್ನು ತಲಾ 128 ತ್ರಿಕೋನಗಳವರೆಗಿನ ಗುಂಪುಗಳಾಗಿ ಒಡೆಯುತ್ತದೆ. ಅಕ್ಕಪಕ್ಕದ ಗುಂಪುಗಳನ್ನು ಸೇರಿಸಿ, ಹೊರ ಅಂಚನ್ನು ಮುಟ್ಟದೆ ಒಳಗನ್ನು ಅರ್ಧಕ್ಕೆ ಇಳಿಸಿ, ಮತ್ತೆ ಗುಂಪಾಗಿ ಒಡೆದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಒಂದು ವಂಶವೃಕ್ಷ ಕಟ್ಟಿಡುತ್ತದೆ. ಇಳಿಸುವ ಲೆಕ್ಕ ಮತ್ತೆ ಗಾರ್ಲಂಡ್-ಹೆಕ್ಬರ್ಟ್ ಅವರ ಮನೆತನದ್ದೇ. ಚಿತ್ರ ಬರೆಯುವಾಗ ಪ್ರತಿ ಜಾಗಕ್ಕೂ ಒಂದೇ ಪ್ರಶ್ನೆ: ಈ ಮಟ್ಟದ ಗುಂಪನ್ನು ಹಾಕಿದರೆ ಆಗುವ ತಪ್ಪು ಒಂದು ಪಿಕ್ಸೆಲ್ಲಿಗಿಂತ ಕಡಿಮೆಯೇ? ಹೌದಾದರೆ ಹಾಕು, ಇಲ್ಲವಾದರೆ ಒಂದು ಮೆಟ್ಟಿಲು ಕೆಳಗಿಳಿ. ಹಾಗಾಗಿ ಒಂದೇ ಪ್ರತಿಮೆಯ ಹತ್ತಿರದ ಭುಜ ನುಣ್ಣಗೂ ದೂರದ ಪಾದ ಒರಟಾಗಿಯೂ ಇರಬಹುದು. ಕತ್ತರಿ ಆಡುವುದು ಪ್ರತಿ 16 ಅಥವಾ 33 ಮಿಲಿಸೆಕೆಂಡಿಗೊಮ್ಮೆ, ಮರುಕ್ಷಣದಲ್ಲಿ ಎಲ್ಲ ಹೊಸದು. ಮೂಲಕ್ಕೆ ಹೆಚ್ಚುಕಡಿಮೆ ಕೈಯೇ ತಗಲುವುದಿಲ್ಲ.

ಇಲ್ಲಿಗೆ ಜಗಳ ಮುಗಿಯಿತು ಎಂದು ಆಗ ಹಲವರು ಬರೆದರು. ಮುಗಿಯಲಿಲ್ಲ. ಮೊದಲು ಬಂದ ನ್ಯಾನೈಟ್‌ಗೆ ಕಲ್ಲು, ಗೋಡೆಗಳಂಥ ಬಾಗದ ವಸ್ತುಗಳು ಮಾತ್ರ ಒಗ್ಗುತ್ತಿದ್ದವು. ಬಳುಕುವ ಮೈ, ಗಾಜು ಹೊರಗುಳಿದವು. ಮೂಲವನ್ನು ಹಾಗೇ ಉಳಿಸಿಕೊಂಡರೆ ಡಿಸ್ಕ್ ತುಂಬುತ್ತದೆ. ನಮ್ಮಲ್ಲಿ ಬಹುಪಾಲು ಜನ ಗೇಮ್ ಆಡುವುದು ಫೋನಿನಲ್ಲಿ. ಅಲ್ಲಿ ಬ್ಯಾಟರಿ ಮತ್ತು ಬಿಸಿ ಎರಡೂ ಹಳೆಯ ಕಾಲದ ಜಿಪುಣತನವನ್ನೇ ಬೇಡುತ್ತವೆ. ಮಾದರಿ ಮಾಡಿಕೊಡುವವರಿಗೂ ಈ ಜಿಪುಣತನ ತಪ್ಪಿದ್ದಲ್ಲ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ (2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡಿತು) ಹೊರದೇಶದ ಗೇಮುಗಳಿಗೆ ಮಾದರಿ ಮಾಡಿಕೊಟ್ಟು ಬೆಳೆದದ್ದು. ಇಂಥ ಸ್ಟುಡಿಯೊಗಳ ಕೆಲಸದಲ್ಲಿ ಎಷ್ಟು ತ್ರಿಕೋನ, ಎಷ್ಟು ದೊಡ್ಡ ಚಿತ್ರ ಎಂಬ ಮಿತಿ ಮೊದಲೇ ಗೊತ್ತಾಗಿರುತ್ತದೆ. ಕತ್ತರಿಸಿದ್ದರ ಜೊತೆ ಕತ್ತರಿಸದ ಮೂಲವನ್ನೂ ಕೇಳಿ ಪಡೆಯುವ ಗಿರಾಕಿ ಜಾಣ.

ಕೇಳಿ ಪಡೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕ್ರ್ಯಾಶ್ ಬ್ಯಾಂಡಿಕೂಟ್‌ನ ಮುಂದಿನ ಕಥೆ ಇದೆ. ಆ ಸರಣಿಯ ಮೊದಲ ಮೂರು ಗೇಮುಗಳನ್ನು ಹೊಸ ಯಂತ್ರಗಳಿಗೆ ಮತ್ತೆ ಕಟ್ಟುವ ಕೆಲಸ ವಿಕೇರಿಯಸ್ ವಿಷನ್ಸ್ ಸಂಸ್ಥೆಗೆ ಬಂತು, 2017ರಲ್ಲಿ ಅದು ಮಾರುಕಟ್ಟೆಗೂ ಬಂತು. ಹಳೆಯ ಪ್ರೋಗ್ರಾಂ ಅವರಿಗೆ ಸಿಗಲಿಲ್ಲ. ಸಿಕ್ಕಿದ್ದು ಹಳೆಯ ಬಲೆಗಳು, ಅವೂ ವಿಚಿತ್ರ ರೂಪದಲ್ಲಿ ಕಟ್ಟಿಟ್ಟಿದ್ದವು, ಬಿಡಿಸಿ ಓದಬೇಕಾಯಿತು. ಅವನ್ನು ಅಡಿಪಾಯವಾಗಿ ಹಾಸಿಕೊಂಡು ಮೇಲೆ ಹೊಸ ಕಾಡು ಬೆಳೆಸಿದರು. ಆಟ ಬಿಡುಗಡೆಯಾದ ಮೇಲೆ ಹಳೆಯ ಆಟಗಾರರಿಂದ ಒಂದೇ ದೂರು: ಜಿಗಿತ ಮೊದಲಿನಂತಿಲ್ಲ, ಅಂಚಿನಲ್ಲಿ ಕಾಲು ಜಾರುತ್ತದೆ. ಮೂರನೆಯ ಗೇಮಿನ ಚಲನೆಯನ್ನು ಆಧಾರವಾಗಿ ಇಟ್ಟುಕೊಂಡಿದ್ದೇವೆ, ಮೊದಲನೆಯದರಲ್ಲಿ ಈಗ ಜಿಗಿತ ಇನ್ನಷ್ಟು ಕರಾರುವಾಕ್ಕಾಗಿ ಇರಬೇಕಾಗುತ್ತದೆ ಎಂದು ತಯಾರಕರೂ ಒಪ್ಪಿಕೊಂಡರು. ಎರಡು ಬಂಡೆಗಳ ನಡುವಿನ ಅಂತರ ಬಲೆಯಲ್ಲಿ ದಾಖಲಾಗಿತ್ತು. ಹಾರಿದ ಕ್ರ್ಯಾಶ್ ಎಷ್ಟು ಬೇಗ ನೆಲಕ್ಕೆ ಇಳಿಯುತ್ತಾನೆ ಎಂಬುದು ಹಳೆಯ ಪ್ರೋಗ್ರಾಂನಲ್ಲಿತ್ತು.